ನಮ್ಮ ಆರಾಧನೆಯ ಮಾತುಗಳ ತವರು: ಶಿವಮೊಗ್ಗದಲ್ಲಿ ಕಳೆದ ಎಂಟು ಶನಿವಾರಗಳು

ಈ ಮಳೆಗಾಲದಲ್ಲಿ ಶಿವಮೊಗ್ಗದ ಚರ್ಚೊಂದರ ಸಭಾಂಗಣದಲ್ಲಿ, ಬೈಬಲ್ ಕಾಲದ ಭಾಷೆಗಳನ್ನೂ ಅವು ನಮ್ಮ ಆರಾಧನೆಯಲ್ಲಿ ಉಳಿದುಬಂದ ಬಗೆಯನ್ನೂ ಪರಿಚಯಿಸುವ ತರಗತಿ ಎಂಟು ಶನಿವಾರ ನಡೆಯಿತು. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ, ಒಂದು ವಾರವೂ ತಪ್ಪಿಸದೆ ಕುಳಿತೆ. ಶುಲ್ಕ 400 ರೂಪಾಯಿ. ಟಿಪ್ಪಣಿಯ ಹಾಳೆಗಳೂ ಸಂಜೆಯ ಕಾಫಿಯೂ ಅದರಲ್ಲೇ ಸೇರಿದ್ದವು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ನನಗೆ, ಭಾನುವಾರಗಳಂದು ಬಾಲ್ಯದಿಂದ ಹೇಳಿಕೊಂಡು ಬಂದ ಮಾತುಗಳ ವ್ಯುತ್ಪತ್ತಿಯೇ ತಿಳಿದಿರಲಿಲ್ಲ ಎಂಬ ಅರಿವು ಮೊದಲ ದಿನವೇ ಆಯಿತು. ಅಂತಹ ಅರಿವು ಮೂಡಿಸಿದ ಈ ತರಗತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ, ಕೊರತೆಗಳನ್ನೂ ಮುಚ್ಚಿಡುವುದಿಲ್ಲ.

ಮೊದಲ ಪಾಠ ಒಂದೇ ಮಾತಿನ ಸುತ್ತ ನಡೆಯಿತು. ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದ ನಾವು ‘ಹಲ್ಲೆಲೂಯ’ ಎನ್ನುತ್ತೇವೆ; ಪಕ್ಕದಲ್ಲಿ ಕುಳಿತಿದ್ದ ಕೊಂಕಣಿ ಮನೆಮಾತಿನ ಕಥೋಲಿಕ ಹೆಣ್ಣುಮಗಳು ಬಲಿಪೂಜೆಯಲ್ಲಿ ‘ಅಲ್ಲೆಲೂಯ’ ಎಂದು ಹಾಡುತ್ತಾರೆ. ಇದು ಕೇವಲ ಉಚ್ಚಾರಣೆಯ ರೂಢಿ ಎಂದು ಇಬ್ಬರೂ ಎಣಿಸಿದ್ದೆವು. ಹೀಬ್ರೂವಿನಲ್ಲಿ ‘ಹಲ್ಲೆಲು’ ಎಂದರೆ ಸ್ತುತಿಸಿರಿ, ‘ಯಾಹ್’ ಎಂಬುದು ದೇವರ ಹೆಸರಿನ ಹ್ರಸ್ವರೂಪ. ಕ್ರಿ.ಪೂ. 3ನೆಯ ಶತಮಾನದಿಂದ ಯೆಹೂದ್ಯರು ತಮ್ಮ ಧರ್ಮಗ್ರಂಥವನ್ನು ಗ್ರೀಕಿಗೆ ತರತೊಡಗಿದಾಗ ಈ ಮಾತನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡರು. ಆದರೆ ಆ ಕಾಲದ ಗ್ರೀಕ್ ವರ್ಣಮಾಲೆಯಲ್ಲಿ ಹಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ಅದು ಅಕಾರದಿಂದಲೇ ಆರಂಭವಾಯಿತು, ಮತ್ತು ಅಲ್ಲಿಂದ ಲ್ಯಾಟಿನ್ನಿಗೆ, ರೋಮಿನ ಆರಾಧನಾಕ್ರಮಕ್ಕೆ, ಕೊನೆಗೆ ನಮ್ಮ ಮಲೆನಾಡಿನ ಕಥೋಲಿಕ ಚರ್ಚುಗಳಿಗೆ ಆ ರೂಪದಲ್ಲೇ ಬಂದಿತು. ಒಂದೇ ಬೆಂಚಿನ ಮೇಲೆ ಕುಳಿತ ನಮ್ಮಿಬ್ಬರ ನಾಲಿಗೆಯ ಮೇಲೆ ಎರಡು ಸಾವಿರ ವರ್ಷಗಳ ಎರಡು ದಾರಿಗಳಿದ್ದವು. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನು, ಅದೇ ಹಾಲು ಹಲವರ ಬಾಯಲ್ಲಿ ‘ಆಲು’ ಆಗುವುದನ್ನು ಪಾಠ ಮಾಡಿದ ನನಗೆ ಇದಕ್ಕಿಂತ ರುಚಿಯಾದ ಆರಂಭ ಬೇಕಿರಲಿಲ್ಲ.

ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂವಿನಲ್ಲಿದೆ; ದಾನಿಯೇಲ ಮತ್ತು ಎಜ್ರ ಗ್ರಂಥಗಳ ಕೆಲವು ಅಧ್ಯಾಯಗಳು, ಯೆರೆಮೀಯದ ಒಂದು ವಚನ ಅರಾಮಿಕ್‌ನಲ್ಲಿವೆ; ಹೊಸ ಒಡಂಬಡಿಕೆ ಅಂದಿನ ಜನಬಳಕೆಯ ಗ್ರೀಕಿನಲ್ಲಿದೆ. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಈ ಭಾಷೆಗಳನ್ನು ಜನ ಹೇಗೆ ಬಾಳಿದರು ಎಂಬುದರ ಕಡೆಗೆ ನಮ್ಮ ಗುರುಗಳು ಹೆಚ್ಚು ಗಮನ ಕೊಟ್ಟರು. ಯೇಸುವಿನ ಮನೆಮಾತು ಅರಾಮಿಕ್. ಸಭಾಮಂದಿರದ ವಾಚನ ಹೀಬ್ರೂ. ಪಟ್ಟಣದ ವ್ಯಾಪಾರಕ್ಕೆ ಗ್ರೀಕ್. ರೋಮಿನ ಅಧಿಕಾರಕ್ಕೆ ಲ್ಯಾಟಿನ್. ಶಿಲುಬೆಯ ಮೇಲಿನ ಫಲಕವನ್ನು ಮೂರು ಭಾಷೆಗಳಲ್ಲಿ ಬರೆದಿತ್ತೆಂದು ಸುವಾರ್ತೆಯಲ್ಲಿ ಯೋಹಾನನು ಹೇಳುವುದು ಇದೇ ಕಾರಣದಿಂದ. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಬಳಸುವ ನಮ್ಮ ಜನರಿಗೆ ಇದನ್ನು ವಿವರಿಸಲು ಬಹಳ ಹೊತ್ತು ಬೇಕಾಗಲಿಲ್ಲ.

ನನಗೆ ಅತ್ಯಂತ ಹತ್ತಿರವಾದದ್ದು ನಾಲ್ಕನೆಯ ಶನಿವಾರ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಸತ್ತ ಬಾಲಕಿಯ ಕೈಹಿಡಿದು ‘ತಲಿಥಾ ಕೂಮ್’ ಎನ್ನುತ್ತಾನೆ. ಗ್ರೀಕಿನಲ್ಲಿ ಬರೆಯುತ್ತಿದ್ದ ಮಾರ್ಕನು ಈ ಅರಾಮಿಕ್ ಮಾತನ್ನು ಬಿಡದೆ ಇಟ್ಟುಕೊಂಡು, ಪಕ್ಕದಲ್ಲೇ ಅರ್ಥವನ್ನೂ ಕೊಟ್ಟಿದ್ದಾನೆ. ಅದನ್ನು ನಿಮ್ಮ ಮನೆಯ ಮಾತಿನಲ್ಲಿ ಹೇಳಿ ಎಂದು ಗುರುಗಳು ಕೇಳಿದಾಗ, ಹಿಂದಿನ ಸಾಲಿನಲ್ಲಿದ್ದ ಹಿರಿಯ ಗೃಹಿಣಿಯೊಬ್ಬರು ಒಂದಿಷ್ಟೂ ತಡಮಾಡದೆ, ‘ಏಳೇ ಪುಟ್ಟಿ’ ಎಂದರು. ಗುರುಗಳು ಅದನ್ನೇ ಬೋರ್ಡಿನ ಮೇಲೆ ಬರೆದು, ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆ ವಚನವನ್ನು ನಾನು ಎಷ್ಟೋ ಸಲ ಓದಿದ್ದೆ. ಒಬ್ಬ ತಂದೆ ಬೆಳಗ್ಗೆ ಮಗುವನ್ನು ಎಬ್ಬಿಸುವ ದನಿ ಅದರಲ್ಲಿ ಕೇಳಿಸಿದ್ದು ಅಂದೇ. ಅರಾಮಿಕ್‌ನಲ್ಲಿ ತಂದೆಯನ್ನು ಕರೆಯುವ ‘ಅಬ್ಬಾ’ ಎಂಬ ಮಾತು ಬಂದಾಗ, ಅದು ನಮ್ಮ ‘ಅಪ್ಪ’ ಎಂಬುದರಂತೆ ಕೇಳಿಸಿದರೂ ಎರಡಕ್ಕೂ ನಂಟಿಲ್ಲ, ಕಿವಿಗೆ ಇಂಪಾಯಿತೆಂದು ಸಂಬಂಧ ಕಟ್ಟಬಾರದು ಎಂದು ಅವರು ಸ್ಪಷ್ಟವಾಗಿ ಹೇಳಿದ್ದು ಅವರ ಮೇಲಿನ ಗೌರವವನ್ನು ಹೆಚ್ಚಿಸಿತು.

ಅದೇ ದಿನ ಯೇಸುವಿನ ಶಿಷ್ಯ ಪೇತ್ರನ ಮಾತಿನ ಧಾಟಿಯೂ ಚರ್ಚೆಗೆ ಬಂದಿತು. ಮಹಾಯಾಜಕನ ಅಂಗಳದಲ್ಲಿ ನಿಂತವರು ಅವನ ಮಾತಿನಿಂದಲೇ ಉತ್ತರದ ಗಲಿಲಾಯ ಸೀಮೆಯವನೆಂದು ಗುರುತು ಹಿಡಿದರು. ಗಲಿಲಾಯದವರು ಗಂಟಲಿನ ಅಕ್ಷರಗಳನ್ನು ಬೇರ್ಪಡಿಸಿ ಉಚ್ಚರಿಸುತ್ತಿರಲಿಲ್ಲವೆಂದು ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ಒಂದು ಕಥೆ ಹೇಳುತ್ತದೆ: ಒಬ್ಬ ಗಲಿಲಾಯದವನು ‘ಅಮರ್’ ಯಾರಲ್ಲಿದೆ ಎಂದು ಕೇಳಿದನಂತೆ, ಸವಾರಿಗೆ ಕತ್ತೆಯೋ, ಕುಡಿಯಲು ದ್ರಾಕ್ಷಾರಸವೋ, ಉಡಲು ಉಣ್ಣೆಯೋ, ಕುರಿಮರಿಯೋ ಎಂದು ಜನ ಅವನನ್ನು ಹಂಗಿಸಿದರಂತೆ; ಗಂಟಲಿನ ಅಕ್ಷರ ಸರಿಯಾಗಿ ಹೊರಡದಿದ್ದರೆ ಅರಾಮಿಕ್‌ನಲ್ಲಿ ಈ ನಾಲ್ಕೂ ಮಾತುಗಳು ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸುತ್ತವೆ. ಹಳೆಯ ಒಡಂಬಡಿಕೆಯ ನ್ಯಾಯಸ್ಥಾಪಕರ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಂತೂ ಷಕಾರವನ್ನು ಸಕಾರವಾಗಿ ನುಡಿದ ಎಫ್ರಾಯೀಮ್ ಕುಲದವರು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ‘ಸಿವಮೊಗ್ಗ’ ಎಂದ ಮಕ್ಕಳನ್ನು ಎದ್ದು ನಿಲ್ಲಿಸಿ ತಿದ್ದಿದವಳು ನಾನು. ಪೇತ್ರನೂ ಅವನ ಗುರುವೂ ರಾಜಧಾನಿಯಲ್ಲಿ ಹಾಗೆ ಹಂಗಿಸಿಕೊಳ್ಳುವ ನುಡಿಯವರೇ ಆಗಿದ್ದರೆಂಬ ಯೋಚನೆ ನನ್ನನ್ನು ಆ ರಾತ್ರಿ ಬಸ್ಸಿನಲ್ಲಿ ಮಂಡಗದ್ದೆಯವರೆಗೂ ಬಿಡಲಿಲ್ಲ.

ಇನ್ನು ಕೊರತೆಗಳು. ಗ್ರೀಕಿನ 24 ಅಕ್ಷರಗಳನ್ನು ಒಂದೇ ಸಂಜೆಯಲ್ಲಿ ಓಡಿಸಿದರು. ಬರೆದು ರೂಢಿ ಮಾಡಿಕೊಳ್ಳಲು ಸಮಯವೇ ಸಿಗಲಿಲ್ಲ. ಬಲದಿಂದ ಎಡಕ್ಕೆ ಓದಬೇಕಾದ ಹೀಬ್ರೂ ಟಿಪ್ಪಣಿಯ ಹಾಳೆಗಳಲ್ಲಿ ಹಿಂದುಮುಂದಾಗಿ ಮುದ್ರಣವಾಗಿ, ‘ಶಾಲೋಮ್’ ಎಂಬ ಪದ ಮಕಾರದಿಂದ ಆರಂಭವಾಗಿತ್ತು. ಗುರುಗಳು ಬೋರ್ಡಿನ ಮೇಲೆ ತಿದ್ದಿದರೂ, ಒಂದು ವಾರ ತಪ್ಪಿಸಿದವರು ಆ ತಪ್ಪನ್ನೇ ಅಭ್ಯಾಸ ಮಾಡಿಕೊಂಡು ಬಂದಿದ್ದರು. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಪಟ್ಟ ಶ್ರಮಕ್ಕೆ ಅರ್ಧ ಗಂಟೆ ಮಾತ್ರ ಮೀಸಲಾಗಿತ್ತು. ಕನ್ನಡಿಗರ ತರಗತಿಯಲ್ಲಿ ಅದಕ್ಕೆ ಕನಿಷ್ಠ ಒಂದು ಪೂರ್ಣ ಸಂಜೆ ಸಲ್ಲಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ಕೊರತೆ ಸಿರಿಯಾಕ್‌ನದು. ಅದು ಅರಾಮಿಕ್‌ನ ಒಂದು ಶಾಖೆ, ಮತ್ತು ಇಲ್ಲಿಂದ ಅನತಿ ದೂರದ ಭದ್ರಾವತಿಯಲ್ಲಿ 2007ರಿಂದ, ಹಿಂದೆ ಸಿರಿಯಾಕ್‌ನಲ್ಲೇ ಆರಾಧಿಸುತ್ತಿದ್ದ ಕೇರಳ ಮೂಲದ ಕಥೋಲಿಕರ ಸಿರೋ-ಮಲಬಾರ್ ಧರ್ಮಪ್ರಾಂತ್ಯವೇ ಇದೆ. 1960ರ ದಶಕದಿಂದ ಅವರ ಕುರ್ಬಾನ, ಅಂದರೆ ಬಲಿಪೂಜೆ, ಮಲಯಾಳಕ್ಕೆ ಬಂದಿದ್ದರೂ ‘ಕುರ್ಬಾನ’ ಎಂಬ ಹೆಸರೇ ಸಿರಿಯಾಕ್. ಪಠ್ಯದಲ್ಲಿ ಇದಕ್ಕೆ ಜಾಗವಿರಲಿಲ್ಲ. ಕೊನೆಯ ಶನಿವಾರ ಕಾಫಿಯ ಹೊತ್ತಿನಲ್ಲಿ ಭದ್ರಾವತಿಯ ಹಿರಿಯರೊಬ್ಬರು, ತಮ್ಮ ಅಜ್ಜನಿಂದ ಕಲಿತದ್ದೆಂದು, ಲೋಟವನ್ನು ಕಿಟಕಿಯ ಮೇಲಿಟ್ಟು ‘ಕಂದೀಷಾ ಆಲಾಹಾ’ ಎಂದು ಮೆಲ್ಲನೆ ಹಾಡತೊಡಗಿದರು. ‘ಪರಿಶುದ್ಧನಾದ ದೇವರೇ’ ಎಂದು ಅದರ ಅರ್ಥ. ಮಾತು ನಿಂತಿತು, ಹೊರಗಿನ ಮಳೆಯೊಂದೇ ಜೊತೆಗಿತ್ತು. ಅವರು ಮುಗಿಸಿದ ಮೇಲೆ ಗುರುಗಳು, ‘ಮುಂದಿನ ಸಲ ಆ ಪಾಠವನ್ನು ನೀವೇ ಮಾಡಬೇಕು’ ಎಂದು ಕೇಳಿಕೊಂಡರು, ಅವರೂ ಒಪ್ಪಿದರು. ಮುಂದಿನ ತರಗತಿ ಕ್ರಿಸ್‌ಮಸ್ ಕಳೆದ ಮೇಲೆ ಆರಂಭವಾಗುವುದೆಂದು ತಿಳಿಸಿದ್ದಾರೆ. ನಾನು ಈಗಾಗಲೇ ಹೆಸರು ಬರೆಸಿದ್ದೇನೆ.