ಬಿರುಕಿಗೆ ಎಪಾಕ್ಸಿಯೋ, ಪಿಯು ಸೀಲಂಟೋ?

ಕಾರವಾರದ ತಾರಸಿ ಮನೆಯಲ್ಲಿ ಬಿರುಕು ಕಂಡರೆ, ಅದು ಇನ್ನೂ ಬೆಳೆಯುತ್ತಿದೆಯೇ ಎಂದು ಮೊದಲು ನೋಡಿ. ಎಳೆತವೆಲ್ಲ ಚೂಪು ತುದಿಯಲ್ಲೇ ಒಟ್ಟಾಗುವುದರಿಂದ ಬೆಳೆಯುವುದೂ ಅಲ್ಲಿಂದಲೇ. ಆ ತುದಿಗೆ ಪೆನ್ಸಿಲ್ ಗೀರು ಹಾಕಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಾಯಿರಿ.

ಬಿರುಕು ಗೀರು ದಾಟದಿದ್ದರೆ ಎಪಾಕ್ಸಿ, ಅಂದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟಿನ ಇಂಜೆಕ್ಷನ್ ಒಳ್ಳೆಯದು. 0.3 ಮಿ.ಮೀ. ಸಂದಿಗೂ ಇಳಿದು ಕಾಂಕ್ರೀಟನ್ನು ಬೆಸೆಯುತ್ತದೆ. ಒದ್ದೆ ಇದ್ದರೆ ಸಾಮಾನ್ಯ ಎಪಾಕ್ಸಿ ಸರಿಯಾಗಿ ಹಿಡಿಯದು, ಹಾಗಾಗಿ ಬೇಸಿಗೆಯಲ್ಲೇ ಮಾಡಿಸಿ.

ದಾಟಿದರೆ ಎಪಾಕ್ಸಿ ಬೇಡವೇ ಬೇಡ. ಅದು ಕಾಂಕ್ರೀಟಿಗಿಂತ ಗಟ್ಟಿ, ಪಕ್ಕದಲ್ಲೇ ಹೊಸದು ಬಿಡುತ್ತದೆ. ಸುಮಾರು 10 ಮಿ.ಮೀ. ಅಗಲ ಕೊರೆದು, ಸೀಲಂಟ್ ತಳಕ್ಕೆ ಅಂಟದಂತೆ ಫೋಮ್ ಹಗ್ಗ ಇಟ್ಟು, ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಿಯು (ಪಾಲಿಯುರಿಥೇನ್) ಸೀಲಂಟ್ ತುಂಬಿಸಿ.

ಸರಳಿನ ಗುಂಟ ಓಡಿದ, ಕಂದು ಕಲೆಯ ಬಿರುಕಿಗೆ ಎರಡೂ ದಂಡ. ಉಪ್ಪುಗಾಳಿಗೆ ತುಕ್ಕು ಹಿಡಿದ ಕಬ್ಬಿಣ ಒಳಗಿಂದಲೇ ಉಬ್ಬಿ ಒಡೆಯುತ್ತಿರುತ್ತದೆ. ಕಾಂಕ್ರೀಟ್ ಬಿಚ್ಚಿ ಸರಳು ಉಜ್ಜಿಸಬೇಕು.