ನಾಲ್ಕು ಭಾನುವಾರ, ನಾಲ್ಕು ಹಳೇ ಹಾಲಿವುಡ್ ಪ್ರೇಮಕಥೆ: ಅಮ್ಮ ಯಾವುದಕ್ಕೆ ಎದ್ದು ಹೋಗಲಿಲ್ಲ?

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಪ್ರೇಮಕಥೆ ಅಂದರೆ ಸೀರಿಯಲ್ ಬಿಟ್ಟಾದರೂ ಬಂದು ಕೂರುತ್ತಾಳೆ. ಕಳೆದ ಮಳೆಗಾಲದಲ್ಲಿ ಮೊಣಕಾಲು ನೋವಿನ ನೆಪದಲ್ಲಿ ಒಂದು ತಿಂಗಳು ನಮ್ಮ ಮನೆಯಲ್ಲಿದ್ದಳು. ನಾನು ಬಹಳ ದಿನದಿಂದ ಮತ್ತೆ ನೋಡಬೇಕು ಅಂದುಕೊಂಡಿದ್ದ ನಾಲ್ಕು ಹಳೇ ಹಾಲಿವುಡ್ ಸಿನಿಮಾಗಳನ್ನು ಭಾನುವಾರಕ್ಕೊಂದರಂತೆ ಹಾಕಿದೆ. ಆಗಾಗ ನಿಲ್ಲಿಸಿ ಕನ್ನಡದಲ್ಲಿ ಕಥೆ ಹೇಳುವ ಕೆಲಸ ನನ್ನದು.

ಇದರಿಂದ ಒಂದು ಲಾಭ ಆಯಿತು. ಈ ಸಿನಿಮಾಗಳ ಮಾತು ಎಷ್ಟು ಚುರುಕು ಅಂದರೆ, ಕಥೆಯಲ್ಲಿರುವ ತೂತುಗಳು ನಮಗೆ ಕಾಣುವುದೇ ಇಲ್ಲ. ಅದನ್ನೇ ಸೋಫಾ ಮೇಲೆ ಕೂತು ಎರಡು ವಾಕ್ಯದಲ್ಲಿ ಅಮ್ಮನಿಗೆ ಹೇಳಿ ನೋಡಿ. ಆಗ ಗೊತ್ತಾಗುತ್ತದೆ ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ. (ಕೊನೆಗಳನ್ನೆಲ್ಲ ಹೇಳಿಬಿಡುತ್ತೇನೆ. ಅರವತ್ತು ವರ್ಷ ದಾಟಿದ ಸಿನಿಮಾಗಳು, ಬೈಯಬೇಡಿ.)

ಮೊದಲು ಹಾಕಿದ್ದು 'ಆನ್ ಅಫೇರ್ ಟು ರಿಮೆಂಬರ್', 1957ರದ್ದು. ಕಾರಣ ಇಷ್ಟೇ, ನಾಲ್ಕರಲ್ಲಿ ಬಣ್ಣದ ಸಿನಿಮಾ ಇದೊಂದೇ. ಕ್ಯಾರಿ ಗ್ರಾಂಟ್ ಮತ್ತು ಡೆಬೋರಾ ಕೆರ್ ಹಡಗಿನಲ್ಲಿ ಸಿಗುತ್ತಾರೆ. ಇಬ್ಬರಿಗೂ ಊರಲ್ಲಿ ಬೇರೆ ಜೋಡಿ ಕಾಯುತ್ತಿದೆ. ಜನ ಆಡಿಕೊಳ್ಳಬಾರದು ಅಂತ ಊಟದ ಹೊತ್ತಿಗೆ ಬೇರೆ ಬೇರೆ ಟೇಬಲ್ಲಿಗೆ ಹೋದರೆ, ಅಲ್ಲೂ ಬೆನ್ನಿಗೆ ಬೆನ್ನು ತಾಗುವಂತೆ ಸಿಕ್ಕಿಬೀಳುತ್ತಾರೆ. ಮೊದಲ ಮುತ್ತನ್ನಂತೂ ತೋರಿಸುವುದೇ ಇಲ್ಲ. ಮೆಟ್ಟಿಲ ಮೇಲೆ ಇಬ್ಬರ ಕಾಲು ಮಾತ್ರ ಕಾಣುತ್ತದೆ. ಇಲ್ಲಿವರೆಗೆ ಅಮ್ಮ ಖುಷಿಯಾಗಿದ್ದಳು. ಆರು ತಿಂಗಳಾದ ಮೇಲೆ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ಸಿಗೋಣ ಅಂತ ಮಾತಾಗುತ್ತದೆ. ಅವಳು ಓಡಿ ಬರುವಾಗ ಅಪಘಾತವಾಗುತ್ತದೆ. ಅವನಿಗೆ ಹೇಳಿ ಕಳಿಸುವುದಿಲ್ಲ. ನಡೆಯುವಂತಾದ ಮೇಲೇ ಅವನೆದುರು ಹೋಗಬೇಕು ಅನ್ನುವ ಹಟ.

"ಒಂದು ಮಾತು ಹೇಳಿ ಕಳಿಸೋಕೆ ಏನಾಗಿತ್ತಂತೆ ಇವಳಿಗೆ?" ಅಂದಳು ಅಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಮಕ್ಕಳ ಹಾಡುಗಳು ಶುರುವಾದವು. ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದು ಕುಕ್ಕರ್ ಇಟ್ಟು ಬಂದಳು. ಏನೂ ನಷ್ಟವಾಗಲಿಲ್ಲ. ಕೊನೆಯಲ್ಲಿ ಕ್ಯಾರಿ ಗ್ರಾಂಟ್ ಒಳಕೋಣೆಯ ಬಾಗಿಲು ತೆಗೆದು, ಗೋಡೆ ಮೇಲಿರುವ, ತಾನೇ ಬಿಡಿಸಿದ್ದ ಚಿತ್ರ ನೋಡಿ ಎಲ್ಲ ಅರ್ಥ ಮಾಡಿಕೊಳ್ಳುತ್ತಾನಲ್ಲ, ಆಗ ಅಮ್ಮ ಅತ್ತಳು, ನಿಜ. ಕಣ್ಣೊರೆಸಿಕೊಂಡು, "ಇದು ಆಮಿರ್ ಖಾನ್ ಸಿನಿಮಾ ಅಲ್ವಾ?" ಅಂತಲೂ ಕೇಳಿದಳು. ಸರಿಯಾಗೇ ಹಿಡಿದಿದ್ದಳು. 1999ರ 'ಮನ್' ಇದೇ ಕಥೆ. ಅಷ್ಟೇಕೆ, ನಿರ್ದೇಶಕ ಲಿಯೋ ಮೆಕ್ಯಾರಿ ಕೂಡ ತಾನೇ 1939ರಲ್ಲಿ ತೆಗೆದಿದ್ದ 'ಲವ್ ಅಫೇರ್' ಅನ್ನು ಇಲ್ಲಿ ಮತ್ತೆ ತೆಗೆದಿದ್ದು.

ಎರಡನೇ ವಾರ 'ಸಬ್ರೀನಾ' (1954). ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡ್ರೈವರನ ಮಗಳು, ಸಾಹುಕಾರರ ಮನೆಯ ಅಣ್ಣತಮ್ಮ. ಹುಡುಗಿ ಪ್ಯಾರಿಸ್ಸಿಗೆ ಅಡುಗೆ ಕಲಿಯಲು ಹೋಗಿ ಬೆಡಗಿಯಾಗಿ ವಾಪಸ್ ಬರುತ್ತಾಳೆ. ಆಡ್ರಿ ಹೆಪ್‌ಬರ್ನ್ ಬಟ್ಟೆಗಳನ್ನು ನೋಡಲಿಕ್ಕಾದರೂ ಒಮ್ಮೆ ನೋಡಬೇಕು. ತಮ್ಮನಾಗಿ ವಿಲಿಯಂ ಹೋಲ್ಡನ್, ಅಣ್ಣನಾಗಿ ಹಂಫ್ರಿ ಬೋಗಾರ್ಟ್. ಬೋಗಾರ್ಟ್ ಹುಟ್ಟಿದ್ದು 1899ರಲ್ಲಿ, ಹೆಪ್‌ಬರ್ನ್ 1929ರಲ್ಲಿ. ಅವರಿಬ್ಬರೂ ದೋಣಿಯಲ್ಲಿ ಹೋಗುವಾಗ ಅಮ್ಮ ಮೆಲ್ಲಗೆ, "ಇವನು ಅವಳ ದೊಡ್ಡಪ್ಪನಾ?" ಅಂದಳು. ಅಲ್ಲಿಗೆ ಆ ಸಿನಿಮಾ ಮುಗಿಯಿತು. ಅಮ್ಮ ಎದ್ದು ಹೋಗಿ ಬಟ್ಟೆ ಮಡಚಿದಳು. ನಾನು ಒಬ್ಬಳೇ ಕೊನೆತನಕ ನೋಡಿದೆ, ಸ್ವಲ್ಪ ಮೊಬೈಲ್ ನೋಡುತ್ತಾ.

ಮೂರನೇ ವಾರ 'ರೋಮನ್ ಹಾಲಿಡೇ' (1953). ಇದಕ್ಕೆ ನಾನು ಬಾಯಿ ಬಿಡುವ ಕೆಲಸವೇ ಬೀಳಲಿಲ್ಲ. ಶುರುವಿನಲ್ಲಿ ರಾಜಕುಮಾರಿ ನಿಂತುಕೊಂಡು ಬಂದವರನ್ನೆಲ್ಲ ಮಾತಾಡಿಸುತ್ತಿರುತ್ತಾಳೆ. ಉದ್ದ ಗೌನಿನ ಒಳಗೆ ಒಂದು ಶೂ ಕಾಲಿನಿಂದ ಜಾರಿ ಬೀಳುತ್ತದೆ. ಮುಖದಲ್ಲಿ ನಗು, ಕೆಳಗೆ ಕಾಲಿನ ಹುಡುಕಾಟ. ಅಮ್ಮ ಜೋರಾಗಿ ನಕ್ಕಳು. "ರಿಸೆಪ್ಷನ್ನಿನಲ್ಲಿ ನಿಂತ ಮದುಮಗಳ ಕಷ್ಟ ಇದೇ ಕಣೇ!" ಒಬ್ಬ ಹುಡುಗಿ ಅರಮನೆಯಿಂದ ಯಾಕೆ ತಪ್ಪಿಸಿಕೊಂಡು ಹೋಗುತ್ತಾಳೆ ಅನ್ನುವುದನ್ನು ನಿರ್ದೇಶಕ ವಿಲಿಯಂ ವೈಲರ್ ಒಂದು ಶೂನಲ್ಲೇ ಹೇಳಿ ಮುಗಿಸಿದ್ದಾನೆ.

ರೋಮ್ ಊರಿನಲ್ಲೇ ಚಿತ್ರೀಕರಣ ಮಾಡಿದ್ದು ಈಗಲೂ ಕಾಣುತ್ತದೆ. ಬೀದಿ, ಬಿಸಿಲು, ಸ್ಕೂಟರು, ಎಲ್ಲ ನಿಜ. ಹಾಗಂತ ನಡುವಿನ ಭಾಗ ಸ್ವಲ್ಪ ಟೂರಿಸ್ಟ್ ಬಸ್ಸಿನಂತೆ ಓಡುತ್ತದೆ, ಇದೂ ನೋಡಿ, ಅದೂ ನೋಡಿ ಅಂತ. ಸುಳ್ಳು ಹೇಳಿದವರ ಕೈ ಕಚ್ಚುತ್ತದೆ ಅನ್ನುವ ಕಲ್ಲಿನ ಬಾಯಿಯ ದೃಶ್ಯ ಮಾತ್ರ ಬೇರೆ. ಅಲ್ಲಿ ನಿಂತಿರುವ ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ. ಅವಳು ತಾನು ಯಾರೆಂದು ಹೇಳಿಲ್ಲ. ಗ್ರೆಗರಿ ಪೆಕ್ ತಾನು ಪತ್ರಕರ್ತ ಅಂತ ಹೇಳಿಲ್ಲ. ಅವನಿಗೆ ಅವಳೊಂದು 5000 ಡಾಲರಿನ ಸುದ್ದಿ.

ತಮಾಷೆ ಅಂದರೆ ಈ ಸಿನಿಮಾದ ಹಿಂದೆಯೇ ಒಂದು ಮುಚ್ಚಿಟ್ಟ ಹೆಸರಿತ್ತು. ಕಥೆ ಬರೆದ ಡಾಲ್ಟನ್ ಟ್ರಂಬೋ ಆಗ ಹಾಲಿವುಡ್ಡಿನ ಕಪ್ಪುಪಟ್ಟಿಯಲ್ಲಿದ್ದ. ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್ ಹೆಸರಿನಲ್ಲಿ ಕಥೆ ಹೋಯಿತು. ಆಸ್ಕರ್ ಕೂಡ ಆ ಹೆಸರಿಗೇ ಬಂತು. ಟ್ರಂಬೋ ಹೆಸರಿಗೆ ಆ ಪ್ರಶಸ್ತಿ ಸಿಕ್ಕಿದ್ದು 1993ರಲ್ಲಿ, ಅವನು ಸತ್ತು ಎಷ್ಟೋ ವರ್ಷವಾದ ಮೇಲೆ.

ಕೊನೆಯಲ್ಲಿ ಪತ್ರಿಕಾಗೋಷ್ಠಿ. ಎಲ್ಲರ ಎದುರು ಇಬ್ಬರೂ ಅಪರಿಚಿತರ ಹಾಗೆ ಮಾತಾಡಬೇಕು. ಸುದ್ದಿ ಮಾರುವುದಿಲ್ಲ ಅಂತ ಅವನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಆದರೂ ಹೇಳುತ್ತಾನೆ. ಅವಳು ಹೋಗುತ್ತಾಳೆ. ಖಾಲಿ ಹಾಲಿನಲ್ಲಿ ಅವನೊಬ್ಬನೇ, ಜೇಬಿಗೆ ಕೈ ಹಾಕಿಕೊಂಡು, ನಿಧಾನವಾಗಿ ನಡೆದು ಬರುತ್ತಾನೆ. ಅಮ್ಮ ಟಿವಿ ಆರಿಸಲು ಬಿಡಲಿಲ್ಲ. ಅವಳು ವಾಪಸ್ ಓಡಿ ಬರುತ್ತಾಳೆ ಅಂತ ಕಾಯುತ್ತಿದ್ದಳು. ಬರಲಿಲ್ಲ. "ಬರದೇ ಇದ್ದದ್ದೇ ಸರಿ ಬಿಡು" ಅಂದಳು, ಸ್ವಲ್ಪ ಹೊತ್ತಾದ ಮೇಲೆ.

ನಾಲ್ಕನೆಯದು ಹಾಕಲು ನನಗೇ ಮುಜುಗರ. 1960ರ 'ದಿ ಅಪಾರ್ಟ್‌ಮೆಂಟ್'. ನ್ಯೂಯಾರ್ಕಿನ ದೊಡ್ಡ ವಿಮಾ ಕಂಪನಿಯ ಗುಮಾಸ್ತ, ಜ್ಯಾಕ್ ಲೆಮನ್. ತಿಂಗಳಿಗೆ 85 ಡಾಲರ್ ಬಾಡಿಗೆಯ ಅವನ ಮನೆಯ ಬೀಗದ ಕೈ ಮೇಲಧಿಕಾರಿಗಳ ಕೈಯಲ್ಲಿ ಓಡಾಡುತ್ತದೆ, ಅವರ ಕಳ್ಳ ವ್ಯವಹಾರಕ್ಕೆ. ಬದಲಿಗೆ ಇವನಿಗೆ ಬಡ್ತಿ. ಇದನ್ನು ಅಮ್ಮನಿಗೆ ಹೇಗೆ ಹೇಳುವುದು? ತಡವರಿಸಿದೆ. "ಗೊತ್ತಾಯ್ತು ಬಿಡೇ, ಎಲ್ಲ ಆಫೀಸಲ್ಲೂ ಇಂಥವರು ಇರ್ತಾರೆ" ಅಂದಳು.

ಇವನಿಗೆ ಇಷ್ಟವಾದ ಲಿಫ್ಟ್ ಹುಡುಗಿ ಶರ್ಲಿ ಮೆಕ್ಲೇನ್. ತನ್ನ ಮನೆಗೆ ದೊಡ್ಡ ಸಾಹೇಬನ ಜೊತೆ ಬರುವವಳು ಅವಳೇ ಅಂತ ಇವನಿಗೆ ಗೊತ್ತಿಲ್ಲ. ಯಾರೋ ಬಿಟ್ಟುಹೋದ ಪೌಡರ್ ಡಬ್ಬಿ ಮನೆಯಲ್ಲಿ ಸಿಕ್ಕಿರುತ್ತದೆ, ಒಳಗಿನ ಕನ್ನಡಿ ಒಡೆದಿರುತ್ತದೆ. ಅದನ್ನು ಸಾಹೇಬನಿಗೆ ವಾಪಸ್ ಕೊಟ್ಟಿರುತ್ತಾನೆ. ಕ್ರಿಸ್‌ಮಸ್ ಪಾರ್ಟಿಯ ದಿನ ಹೊಸ ಟೋಪಿ ಹಾಕಿಕೊಂಡು ಹೇಗಿದೆ ಅಂತ ಕೇಳುತ್ತಾನೆ. ಅವಳು ನೋಡಿಕೋ ಅಂತ ತನ್ನ ಡಬ್ಬಿ ತೆಗೆದು ಕೊಡುತ್ತಾಳೆ. ಅದೇ ಒಡೆದ ಕನ್ನಡಿ. ನಾನು ಏನೂ ಹೇಳದೆಯೇ ಅಮ್ಮ "ಅಯ್ಯೋ" ಅಂದಳು. ನಾಲ್ಕೂ ಸಿನಿಮಾದಲ್ಲಿ ಇದಕ್ಕಿಂತ ಒಳ್ಳೆಯ ದೃಶ್ಯ ಇಲ್ಲ.

'ಸಬ್ರೀನಾ' ತೆಗೆದದ್ದೂ ಇದನ್ನು ತೆಗೆದದ್ದೂ ಒಬ್ಬನೇ, ಬಿಲ್ಲಿ ವೈಲ್ಡರ್. ಎರಡರಲ್ಲೂ ಹುಡುಗಿ ಸಾಯಲು ಹೊರಡುತ್ತಾಳೆ. 'ಸಬ್ರೀನಾ'ದಲ್ಲಿ ಗ್ಯಾರೇಜಿನ ಬಾಗಿಲು ಹಾಕಿ ಕಾರುಗಳನ್ನು ಒಂದೊಂದಾಗಿ ಸ್ಟಾರ್ಟ್ ಮಾಡುತ್ತಾಳೆ. ಅದನ್ನು ಸಿನಿಮಾ ತಮಾಷೆಯಾಗಿ ದಾಟಿಬಿಡುತ್ತದೆ. ಇಲ್ಲಿ ನಿದ್ದೆ ಮಾತ್ರೆ. ಪಕ್ಕದ ಮನೆಯ ಡಾಕ್ಟರ್ ಅವಳ ಕೆನ್ನೆಗೆ ಹೊಡೆದು, ಹಿಡಿದುಕೊಂಡು ಕೋಣೆ ತುಂಬ ನಡೆಸುತ್ತಾನೆ. ನೋಡುವುದೇ ಕಷ್ಟ. ಸ್ವಲ್ಪ ಹೊತ್ತಿಗೆ ಅದೇ ಮನೆಯಲ್ಲಿ ಲೆಮನ್ ಟೆನಿಸ್ ರಾಕೆಟ್ಟಿನಲ್ಲಿ ಸ್ಪಗೆಟ್ಟಿ ಸೋಸುತ್ತಿರುತ್ತಾನೆ, ನಾವು ನಗುತ್ತಿರುತ್ತೇವೆ. ಅಳು ನಗು ಎರಡೂ ಒಂದೇ ಮನೆಯಲ್ಲಿ ಹೀಗೆ ಇರಬಹುದು ಅಂತ ಆರು ವರ್ಷದಲ್ಲಿ ವೈಲ್ಡರ್ ಕಲಿತಿದ್ದ ಅನ್ನಿಸುತ್ತದೆ. ಮೇಜುಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ಹೋಗುವ ಆ ಆಫೀಸೂ ಒಂದು ಕಣ್ಕಟ್ಟು. ಹಿಂದಕ್ಕೆ ಹೋದಂತೆ ಮೇಜುಗಳನ್ನೇ ಚಿಕ್ಕದಾಗಿ ಮಾಡಿ ಇಟ್ಟಿದ್ದಾರೆ.

ಮನೆಯವರ ಜೊತೆ ಮೊದಲ ಸಲ ಹಳೇ ಸಿನಿಮಾ ನೋಡುವುದಾದರೆ 'ರೋಮನ್ ಹಾಲಿಡೇ' ಹಾಕಿ, ಯಾರೂ ಏಳುವುದಿಲ್ಲ. ನನಗೆ ಒಂದನ್ನೇ ಇಟ್ಟುಕೊಳ್ಳಿ ಅಂದರೆ 'ಅಪಾರ್ಟ್‌ಮೆಂಟ್'. 'ಅಫೇರ್'ನ ಹಡಗು ಮತ್ತು ಕೊನೆಯ ಹತ್ತು ನಿಮಿಷ ಸಾಕು. 'ಸಬ್ರೀನಾ'ವನ್ನು ಇಸ್ತ್ರಿ ಮಾಡುತ್ತಾ ನೋಡಬಹುದು.

'ಅಪಾರ್ಟ್‌ಮೆಂಟ್' ಕೊನೆಯಲ್ಲಿ ಮುತ್ತಿಲ್ಲ, ಹಾಡಿಲ್ಲ. ಹೊಸ ವರ್ಷದ ರಾತ್ರಿ ಅವಳು ಓಡಿ ಬರುತ್ತಾಳೆ. ಅವನು ಪ್ರೀತಿ ಅಂತೆಲ್ಲ ಶುರು ಮಾಡಿದರೆ, ಸುಮ್ನೆ ಎಲೆ ಹಂಚು ಅಂತ ಇಸ್ಪೀಟು ಕೈಗೆ ಕೊಡುತ್ತಾಳೆ. ಅಷ್ಟು ಹೊತ್ತಿಗೆ ಅವನು ಕೆಲಸ ಬಿಟ್ಟಾಗಿದೆ.

ವಾರ ಕಳೆದು ಅಮ್ಮನನ್ನು ಬಸ್ಸು ಹತ್ತಿಸಲು ಹೋದೆ. ಕಿಟಕಿಯಿಂದ ಕೇಳಿದಳು. "ಆ ಹುಡುಗನಿಗೆ ಬೇರೆ ಕೆಲಸ ಸಿಕ್ಕಿತಾ?"

"ಸಿನಿಮಾ ಅಲ್ಲಿಗೇ ಮುಗಿಯುತ್ತಮ್ಮ."

"ಸಿನಿಮಾ ಮುಗಿದರೆ ಬಾಡಿಗೆ ಕಟ್ಟೋದು ಬೇಡ್ವಾ?"