14416ಕ್ಕೆ ಫೋನ್ ಮಾಡಿದ ಮೇಲೆ ಅಪ್ಪನ ಮರೆವು ಬೇರೆಯಾಗಿ ಕಂಡಿತು

ಅಪ್ಪ ಒಂದೇ ವಾರದಲ್ಲಿ ಮೂರು ಸಲ ಒಲೆ ಮೇಲೆ ಹಾಲಿಟ್ಟು ಮರೆತರು. ಮೂರನೇ ಸಲ ಪಾತ್ರೆಯೇ ಸೀದುಹೋಯಿತು. ಊರಿಂದ ಬಂದ ಮೊಮ್ಮಗಳ ಹೆಸರು ಬಾಯಿಗೆ ಬರಲಿಲ್ಲ. ಅಮ್ಮ ತೀರಿಕೊಂಡು ಆಗ ಏಳು ತಿಂಗಳು. ಇದು ಮುಪ್ಪಿನ ಮರೆವಿನ ಕಾಯಿಲೆ, ಡಿಮೆನ್ಷಿಯಾನೇ ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು. ಹತ್ತಿರದ ಡಾಕ್ಟರೊಬ್ಬರು ಅಪ್ಪನ ಮುಖ ಕೂಡ ಸರಿಯಾಗಿ ನೋಡದೆ, "76 ಆಯ್ತಲ್ಲ, ಇನ್ನೇನು" ಎಂದು ಟಾನಿಕ್ ಬರೆದು ಕಳಿಸಿದ್ದರು.

ಅವತ್ತು ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ನಿಂತುಕೊಂಡು ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ಇದು ಮಾನಸಿಕ ಆರೋಗ್ಯಕ್ಕಾಗಿ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಇಡೀ ದೇಶದ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ಕಡೆ ಇದ್ದ ಹೆಣ್ಣುಮಗಳು ಕಾಯಿಲೆಯ ಹೆಸರನ್ನೇ ಎತ್ತಲಿಲ್ಲ. ಮೊದಲು ಕೇಳಿದ್ದು, "ಮರೆವು ಅಂತ ಜಾಸ್ತಿ ಹೇಳ್ತಿರೋದು ಯಾರು ಮೇಡಂ, ನೀವಾ, ನಿಮ್ಮ ತಂದೆಯವರಾ?"

ಯೋಚನೆ ಮಾಡಿದೆ. ಅಪ್ಪನೇ. "ನನ್ನ ತಲೆ ಹೋಯ್ತು ಕಣಮ್ಮ" ಅಂತ ದಿನಾ ಹೇಳುತ್ತಿದ್ದರು. ಏನು ಕೇಳಿದರೂ ಒಂದು ಕ್ಷಣವೂ ಯೋಚಿಸದೆ "ಗೊತ್ತಿಲ್ಲ" ಅನ್ನುತ್ತಿದ್ದರು. ಯಾವಾಗಿನಿಂದ ಹೀಗೆ? ಅಮ್ಮನ ವೈಕುಂಠ ಸಮಾರಾಧನೆ ಕಳೆದ ಮೇಲೆ. ನಿದ್ದೆ? ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ಊಟ? ಪ್ಯಾಂಟೆಲ್ಲ ಸಡಿಲವಾಗಿದೆ. ಮತ್ತಿಕೆರೆಯ ಜೆಪಿ ಪಾರ್ಕಿಗೆ ವಾಕಿಂಗ್? ಬಿಟ್ಟೇಬಿಟ್ಟಿದ್ದಾರೆ. ಆಮೇಲೆ ಮೆಲ್ಲಗೆ ಕೇಳಿದರು, "ಬದುಕಿ ಏನು ಮಾಡಬೇಕು ಅಂತ ಯಾವಾಗಲಾದರೂ ಹೇಳಿದ್ದಾರಾ?"

ಹೇಳಿದ್ದರು. ಎರಡು ಸಲ. ಎರಡು ಸಲವೂ ನಾನು "ಸುಮ್ನಿರಪ್ಪ" ಎಂದು ಮಾತು ನಿಲ್ಲಿಸಿದ್ದೆ. ಫೋನಿನಲ್ಲೇ ಅತ್ತುಬಿಟ್ಟೆ. ಆಕೆ ಅವಸರ ಮಾಡಲಿಲ್ಲ, ಕಾದರು.

ಆಮೇಲೆ ಆಕೆಯೇ ಬಿಡಿಸಿ ಹೇಳಿದರು. ಡಿಮೆನ್ಷಿಯಾ ಸಾಮಾನ್ಯವಾಗಿ ವರ್ಷಗಟ್ಟಲೆ ಮೆಲ್ಲಗೆ ಏರುತ್ತದಂತೆ. ಅದಿರುವವರು ಎಷ್ಟೋ ಸಲ ಮರೆವನ್ನು ಮುಚ್ಚಿಡುತ್ತಾರೆ, ಇಲ್ಲವೇ ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಖಿನ್ನತೆಯಿಂದ, ಅಂದರೆ ಡಿಪ್ರೆಶನ್‌ನಿಂದ, ಬರುವ ಮರೆವು ಬೇಗ ಕಾಣಿಸುತ್ತದೆ, ಅವರೇ ಅದನ್ನು ಹೇಳಿಕೊಂಡು ಕೊರಗುತ್ತಾರೆ. ವಯಸ್ಸಾದವರಲ್ಲಿ ಅಳುವೇ ಕಾಣದಿರಬಹುದು. ಬರೀ ಸುಸ್ತು, ಮೈಕೈ ನೋವು, ಯಾವುದರಲ್ಲೂ ಮನಸ್ಸಿಲ್ಲ. ಎರಡೂ ಒಟ್ಟಿಗೂ ಇರಬಹುದು. ಅದಕ್ಕೇ ಫೋನಿನಲ್ಲಿ ತೀರ್ಮಾನ ಬೇಡ, ವಯಸ್ಸಾದವರನ್ನು ನೋಡುವ ಮನೋವೈದ್ಯರಿಗೆ ತೋರಿಸಿ ಎಂದರು. ವಿಟಮಿನ್ ಬಿ12, ಥೈರಾಯ್ಡ್, ಕಿವಿ ಮೂರನ್ನೂ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಅವರನ್ನು ಒಬ್ಬರೇ ಬಿಡಬೇಡಿ, ಮಾತ್ರೆ ಡಬ್ಬಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಅದೇ ವಾರ ಕರೆದುಕೊಂಡು ಹೋದೆವು. ಅಪ್ಪ 31 ವರ್ಷ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ಡಾಕ್ಟರು ನೆನಪಿನ ಪರೀಕ್ಷೆಗೆಂದು ಹಾಳೆ ಕೊಟ್ಟು, ಒಂದು ಗಡಿಯಾರ ಬರೆದು 11 ಗಂಟೆ 10 ನಿಮಿಷ ತೋರಿಸಿ ಎಂದರು. "ಆಗಲ್ಲ" ಎಂದು ಅಪ್ಪ ಪೆನ್ಸಿಲ್ ಕೆಳಗಿಟ್ಟರು. "ಯಾವ ಸೆಕ್ಷನ್‌ನಲ್ಲಿ ಇದ್ರಿ ಸರ್?" ಎಂದು ಡಾಕ್ಟರು ಕೇಳಿದರು. ಅಸೆಂಬ್ಲಿ ಎಂದರು ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ಸಿಲ್ ಎತ್ತಿಕೊಂಡರು. ಹನ್ನೆರಡೂ ಅಂಕಿ, ಎರಡು ಮುಳ್ಳು, ಯಾರೂ ಕೇಳದ ಸೆಕೆಂಡ್ ಮುಳ್ಳು, ಪಕ್ಕದಲ್ಲಿ ಕೀ ಕೊಡುವ ಪುಟ್ಟ ಗುಂಡಿ. ಆದರೆ ಹೌದು-ಇಲ್ಲ ಎಂದು ಉತ್ತರಿಸುವ ಖಿನ್ನತೆಯ 15 ಪ್ರಶ್ನೆಗಳಲ್ಲಿ 11 ಅಂಕ ಬಂತು; ಅಂಕ ಹೆಚ್ಚಾದಷ್ಟೂ ಖಿನ್ನತೆ ಹೆಚ್ಚು ಎಂದರ್ಥ. ಬಿ12 ಕೂಡ ಕಡಿಮೆ ಇತ್ತು, ಬಲಗಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಖಿನ್ನತೆಯ ಮಾತ್ರೆ ಸಣ್ಣ ಡೋಸಿನಲ್ಲಿ ಶುರುವಾಯಿತು. ಗುಣ ಕಾಣಲು ಕೆಲವು ವಾರ ಬೇಕು, ಈ ವಯಸ್ಸಿನಲ್ಲಿ ಮಾತ್ರೆಯಿಂದ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯಬಹುದು, ರಕ್ತ ಪರೀಕ್ಷೆ ಮಾಡಿಸಿ ಎಂದು ಮೊದಲೇ ಹೇಳಿದ್ದರು. ಈಗ ಮೂರು ತಿಂಗಳು. ಅಪ್ಪ ಐದರವರೆಗೆ ಮಲಗುತ್ತಾರೆ, ಪಾರ್ಕಿಗೆ ಹೋಗುತ್ತಾರೆ, ಅಮ್ಮನ ವಿಷಯ ಮಾತಾಡುತ್ತಾರೆ. ಹಾಲು ಒಮ್ಮೊಮ್ಮೆ ಈಗಲೂ ಉಕ್ಕುತ್ತದೆ. ಇಳಿವಯಸ್ಸಿನ ಖಿನ್ನತೆ ಕೆಲವರಲ್ಲಿ ಡಿಮೆನ್ಷಿಯಾದ ಮೊದಲ ಸೂಚನೆಯೂ ಆಗಿರಬಹುದು. ಹಾಗಾಗಿ ಆರು ತಿಂಗಳಿಗೆ ಮತ್ತೆ ನೆನಪಿನ ಪರೀಕ್ಷೆ ಇದೆ. ಆ ಭಯ ನನಗೆ ಪೂರ್ತಿ ಹೋಗಿಲ್ಲ.

14416ರಿಂದ ಔಷಧಿ ಸಿಗುತ್ತದೆ, ಕಾಯಿಲೆ ಯಾವುದೆಂದು ತಿಳಿಯುತ್ತದೆ ಅಂತ ಫೋನ್ ಮಾಡಬೇಡಿ. ಆಸ್ಪತ್ರೆಗೆ ಹೋಗಲೇಬೇಕು. ಕಿವಿ ಮಂದವಾಗಿರುವ ಹಿರಿಯರ ಪರವಾಗಿ ನೀವೇ ಮಾತಾಡಬೇಕಾಗುತ್ತದೆ. ಆದರೆ ಮನೆಯಲ್ಲಿ ನಾವು ಯಾರೂ ಕೇಳದ ಪ್ರಶ್ನೆಗಳನ್ನು ಸಹಾಯವಾಣಿಯವರು ಕೇಳಿದರು. ನಾನು ಅದಕ್ಕೇ ಎಲ್ಲರಿಗೂ ಈ ನಂಬರ್ ಕೊಡುತ್ತಿದ್ದೇನೆ. ಫೋನ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ. ನನ್ನ ಹತ್ತಿರ ಅದಿರಲಿಲ್ಲ. ಬಿಪಿ ಮಾತ್ರೆಯ ಹೆಸರು ಓದಲು ಕತ್ತಲಲ್ಲಿ ಅಪ್ಪನ ಕೋಣೆಗೆ ಹೋಗಬೇಕಾಯಿತು. ಅವರು ಎದ್ದೇ ಕೂತಿದ್ದರು.